ಕಾರಿನ ಕೂಗು

ಬನಶಂಕರಿಯಿಂದ ಜಯನಗರಕ್ಕೆ ಹೊರಟ ಕಾರಿನಲ್ಲಿ ಕ್ರೂಸ್ ಕಂಟ್ರೋಲ್ ಇದ್ದೂ ಇಲ್ಲದಂತೆಯೇ. ವೇಗವನ್ನು ಒಂದೇ ಸಮನೆ ಕಾಯ್ದಿಡುವ ಆ ಸಾಧನಕ್ಕೆ ತೆರಪಾದ ಹೆದ್ದಾರಿ ಬೇಕು. ಹೆಜ್ಜೆಗೊಂದು ಸಿಗ್ನಲ್ಲಿರುವ ಬೀದಿಯಲ್ಲಿ ಅದಕ್ಕೇನು ಕೆಲಸ? ಅದನ್ನು ನಿರ್ಮಿಸಿದ ಅಮೆರಿಕದ ರಾಲ್ಫ್ ಟೀಟರ್ ಐದರ ಹರೆಯದಲ್ಲೇ ಕಣ್ಣು ಕಳೆದುಕೊಂಡವನು. ಪರರು ನಡೆಸುವ ಕಾರಿನಲ್ಲಿ ಕುಳಿತು ವೇಗದ ಏರಿಳಿತವನ್ನು ಮೈಯಿಂದಲೇ ಅರಿತವನು. 1958ರಲ್ಲಿ ಅವನ ಸಾಧನ ಕ್ರೈಸ್ಲರ್ ಕಾರುಗಳಿಗೆ ಬಂದಿತು.

ಕಣ್ಣುಳ್ಳವರಿಗಾದರೋ ಕಾರು ಕೂಗಿ ಹೇಳಿದರೂ ಕೇಳಿಸದು. ಬ್ರೇಕಿನ ಪ್ಯಾಡು ಸವೆದಾಗ ಡಿಸ್ಕಿಗೆ ತಗುಲಿ ಕಿರುಗುಟ್ಟಲೆಂದೇ ಹಲವು ಕಾರುಗಳಲ್ಲಿ ಲೋಹದ ಚಿಕ್ಕ ಪಟ್ಟಿಯೊಂದನ್ನು ಇಟ್ಟಿರುತ್ತಾರೆ. ಆ ಸದ್ದನ್ನು ಮುಚ್ಚಲು ರೇಡಿಯೊ ಜೋರುಮಾಡುವ ಮಹನೀಯರೂ ಉಂಟು! ಜೆ.ಪಿ. ನಗರದ ಶಾಲೆಯೊಂದರ ಮುಂದೆ ಮಕ್ಕಳು ರಸ್ತೆ ದಾಟುವಾಗ ಪ್ಯಾಡು ಪೂರ್ತಿ ಸವೆದ ಅಂಥ ಕಾರು ಬಂದರೆ, ಅದು ನಿಲ್ಲುವುದೆಲ್ಲಿ?