ನಾಟಕಕ್ಕೆ ಮುಂಚಿನ ಊಟ

ನಮ್ಮ ಹಿರಿಯರ ಕಾಲದಲ್ಲಿ ಊಟಕ್ಕೂ ನಾಟಕಕ್ಕೂ ಜಗಳವಿರಲಿಲ್ಲ. ಕಂಪನಿ ನಾಟಕಗಳು ಶುರುವಾಗುತ್ತಿದ್ದುದೇ ರಾತ್ರಿ ಊಟವಾದ ಮೇಲೆ. ಮನೆಯಲ್ಲಿ ಮುದ್ದೆಯನ್ನೋ ಅನ್ನ ಸಾರನ್ನೋ ಉಂಡು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ನಿದ್ದೆಹೋಗುವ ಮಕ್ಕಳಿಗೆಂದು ಒಂದು ಕಂಬಳಿಯನ್ನು ಹೆಗಲಿಗೇರಿಸಿ ಹೊರಟರೆ ಮುಗಿಯಿತು. ಕರಾವಳಿಯ ಯಕ್ಷಗಾನದಲ್ಲಂತೂ ಆಟ ಬೆಳಗಿನ ತನಕ. ನಡುವೆ ಹಸಿವಾದರೆ ಬಯಲಿನ ಅಂಚಿನಲ್ಲಿ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಚರುಮುರಿ, ಹುರಿದ ಕಡಲೆಕಾಯಿ, ಬಿಸಿ ಚಹ. ಅಲ್ಲಿ ಹಸಿವೆಯೂ ಕಲೆಯೂ ಒಂದೇ ಚಾಪೆಯ ಮೇಲೆ ಕೂತಿರುತ್ತಿದ್ದವು. ಯಕ್ಷಗಾನಕ್ಕೂ ಈಗ ಕಾಲಮಿತಿ ಪ್ರಯೋಗಗಳು ಬಂದಿವೆ, ಆ ಮಾತು ಬೇರೆ.

ಪಟ್ಟಣದ ಹವ್ಯಾಸಿ ರಂಗಭೂಮಿ ಬಂದ ಮೇಲೆ ನಾಟಕದ ವೇಳೆ ಹಿಂದಕ್ಕೆ ಸರಿಯಿತು. ಮರುದಿನ ಆಫೀಸಿಗೆ ಹೋಗಬೇಕಾದವರು, ರಾತ್ರಿ ಕೊನೆಯ ಬಸ್ಸು ಹಿಡಿಯಬೇಕಾದವರು ನೋಡುವ ನಾಟಕ ಇದು. ಆದ್ದರಿಂದ ಸಂಜೆ ಆರೂವರೆ, ಏಳು, ಏಳೂವರೆಗೆ ಗಂಟೆ ಬಾರಿಸುತ್ತದೆ. ಬೆಂಗಳೂರಿನಲ್ಲಿ ಮನೆಯಿಂದ ರಂಗಮಂದಿರಕ್ಕೆ ಒಂದು ಗಂಟೆಯ ಹಾದಿ ಎಂದು ಹಿಡಿದರೂ ಆರು ಗಂಟೆಗೆ ಮನೆ ಬಿಡಬೇಕು. ಆರು ಗಂಟೆಗೆ ಯಾರ ಮನೆಯಲ್ಲಿ ರಾತ್ರಿಯ ಅಡುಗೆಯಾಗಿರುತ್ತದೆ, ನೀವೇ ಹೇಳಿ. ನಾಟಕ ಮುಗಿದು ಮನೆ ಸೇರುವಾಗ ಹತ್ತೂವರೆ. ಹೀಗಾಗಿ ನಾಟಕ ನೋಡುವವರ ಮುಂದಿರುವ ಮೊದಲ ಪ್ರಶ್ನೆ ನಾಟಕ ಹೇಗಿದೆಯೆಂಬುದಲ್ಲ, ಅದಕ್ಕೆ ಮುಂಚೆ ಎಲ್ಲಿ ಉಣ್ಣುವುದು ಎಂಬುದು.

ಇದರಲ್ಲೇನು ಕಷ್ಟ, ಬೆಂಗಳೂರಿನಲ್ಲಿ ಹೋಟೆಲುಗಳಿಗೆ ಬರವೇ ಎಂದು ನೀವು ಕೇಳಬಹುದು. ಬರವಿಲ್ಲ, ನಿಜ. ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿ 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರದಿಂದ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಅಷ್ಟೇನೂ ದೂರವಲ್ಲ. 1924ರಲ್ಲಿ ಆರಂಭವಾದ ಈ ಹೋಟೆಲಿನವರು ಎರಡನೆಯ ಮಹಾಯುದ್ಧದ ಅಕ್ಕಿಯ ಅಭಾವದಲ್ಲಿ ರವೆ ಇಡ್ಲಿಯನ್ನು ಹುಟ್ಟುಹಾಕಿದರು ಎನ್ನುವುದು ಊರಿಗೆಲ್ಲ ಗೊತ್ತಿರುವ ಕಥೆ. ಪಿಟೀಲಿನ ಆಕಾರದಲ್ಲಿ 1980ರಲ್ಲಿ ಎದ್ದುನಿಂತ ಚೌಡಯ್ಯ ಸ್ಮಾರಕ ಭವನಕ್ಕೆ ಹೋಗುವವರಿಗೆ ಮಲ್ಲೇಶ್ವರದ ಸಿ.ಟಿ.ಆರ್.ನ ಬೆಣ್ಣೆ ಮಸಾಲೆ ದೋಸೆ ಇದೆ. ಹನುಮಂತನಗರದ ಕೆ.ಎಚ್. ಕಲಾಸೌಧಕ್ಕೆ ಹೋಗುವವರಿಗೆ ಗಾಂಧಿಬಜಾರಿನಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನವಿದೆ. ಇನ್ನು 2004ರಲ್ಲಿ ಜೆ.ಪಿ. ನಗರದಲ್ಲಿ, ಶಂಕರ್ ನಾಗ್ ಅವರ ನೆನಪಿನಲ್ಲಿ ಅರುಂಧತಿ ನಾಗ್ ಮತ್ತವರ ಸಂಗಾತಿಗಳು ಕಟ್ಟಿದ ರಂಗಶಂಕರದಲ್ಲಿ ಕಟ್ಟಡದೊಳಗೇ ತಿಂಡಿಯ ವ್ಯವಸ್ಥೆ ಇದೆ.

ಆದರೆ ಹೆಸರುವಾಸಿ ಹೋಟೆಲಿಗೂ ನಾಟಕದ ಗಂಟೆಗೂ ಕೂಡಿಬರುವುದು ಕಷ್ಟ. ಎರಡು ಕಾರಣ. ಒಂದು, ನಮ್ಮ ಹೋಟೆಲುಗಳ ಅಡುಗೆಮನೆಗೆ ತನ್ನದೇ ಆದ ಪಂಚಾಂಗವಿದೆ. ಮಧ್ಯಾಹ್ನದ ಊಟ ಮುಗಿದು ಒಲೆ ತಣ್ಣಗಾದ ಮೇಲೆ ಸಂಜೆ ತಿಂಡಿ ಕಾಫಿಯ ಹೊತ್ತು. ರಾತ್ರಿಯ ಊಟ ಸಾಮಾನ್ಯವಾಗಿ ಏಳು, ಏಳೂವರೆಯ ಮೇಲೆ. ಆರೂವರೆಗೆ ಹೋಗಿ ಊಟ ಕೇಳಿದರೆ ಮಾಣಿ ನಮ್ಮನ್ನು ಬೇರೆ ದೇಶದವರಂತೆ ನೋಡುತ್ತಾನೆ. ಎರಡನೆಯದು ಸಾಲು. ಶನಿವಾರ ಭಾನುವಾರದ ಸಂಜೆ ಪ್ರಸಿದ್ಧ ದೋಸೆಯ ಮುಂದೆ ನಿಂತ ಸಾಲು ಹದಿನೈದು ನಿಮಿಷದಲ್ಲೂ ಕರಗಬಹುದು, ಮುಕ್ಕಾಲು ಗಂಟೆಯನ್ನೂ ತಿನ್ನಬಹುದು. ಮಕ್ಕಳಿಗೆ ಅಳತೆಯ ಪಾಠ ಮಾಡುವಾಗ ನಾನು ಸರಾಸರಿಯೊಂದೇ ಸಾಲದು, ಅಳತೆಗಳು ಸರಾಸರಿಯಿಂದ ಎಷ್ಟು ಆಚೀಚೆ ಹೋಗುತ್ತವೆ ಎಂಬುದನ್ನೂ ನೋಡಿ ಎನ್ನುತ್ತೇನೆ. ಪ್ರತಿಸಲವೂ ಇಪ್ಪತ್ತೈದು ನಿಮಿಷ ಕಾಯಿಸುವ ಹೋಟೆಲನ್ನು ನಂಬಿ ನಾಟಕಕ್ಕೆ ಹೋಗಬಹುದು. ಒಮ್ಮೆ ಐದು, ಒಮ್ಮೆ ನಲವತ್ತೈದು ನಿಮಿಷ ಕಾಯಿಸುವ ಹೋಟೆಲಿನ ಸರಾಸರಿಯೂ ಇಪ್ಪತ್ತೈದೇ, ಆದರೆ ಅದನ್ನು ನಂಬಿದವನು ನಾಟಕದ ಬದಲು ರಂಗಮಂದಿರದ ಬಾಗಿಲನ್ನು ನೋಡಿ ಬರುತ್ತಾನೆ.

ಇಷ್ಟೊಂದು ಲೆಕ್ಕಾಚಾರ ಯಾಕೆ, ಎರಡು ಬಿಸ್ಕತ್ತು ತಿಂದು ಕೂತರೆ ಆಗದೇ ಎನ್ನುವವರಿದ್ದಾರೆ. ನನ್ನೊಬ್ಬನ ವಿಷಯವಾದರೆ ಆಗುತ್ತದೆ. ಆದರೆ ನನ್ನ ಜೊತೆ ಬರುವವಳು ನನ್ನ ಹೆಂಡತಿ. ನಾಟಕದ ಹುಚ್ಚು ನನಗಿಂತ ಅವಳಿಗೆ ಹೆಚ್ಚು. ಕಾಲೇಜಿನಲ್ಲಿ ಬಣ್ಣ ಹಚ್ಚಿದವಳು. ಅವಳಿಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ, ಆಹಾರಕ್ಕೆ ಅರ್ಧ ಗಂಟೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಊಟಕ್ಕೆ ಕೂರುವಾಗಲೇ ಹಾಕಿಕೊಳ್ಳಬಹುದಾದ, ಬೇಗ ಕೆಲಸ ಮಾಡುವ ಬಗೆಗಳೂ ಈಗ ಇವೆ. ಆದರೆ ಅವಳಿಗೆ ವೈದ್ಯರು ಗೊತ್ತುಮಾಡಿರುವುದು, ಅವಳಿಗೆ ಒಗ್ಗಿರುವುದು ಹಳೆಯ ಬಗೆ. ಅದು ಚರ್ಮದ ಕೆಳಗಿನಿಂದ ರಕ್ತಕ್ಕೆ ಸೇರಿ ಕೆಲಸ ಶುರುಮಾಡಲು ಸುಮಾರು ಅರ್ಧ ಗಂಟೆ ಬೇಕು. ಆ ಹೊತ್ತಿಗೆ ಸರಿಯಾಗಿ ಊಟದ ಸಕ್ಕರೆ ರಕ್ತಕ್ಕೆ ಬರುತ್ತಿರಬೇಕು. ಊಟ ತಡವಾದರೆ ಇನ್ಸುಲಿನ್ನಿಗೆ ಕಾಯುವ ತಾಳ್ಮೆಯಿಲ್ಲ. ಇರುವ ಸಕ್ಕರೆಯನ್ನೇ ಇಳಿಸುತ್ತಾ ಹೋಗುತ್ತದೆ. ನೂರು ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಬೆವರು, ನಡುಕ, ಎದೆಬಡಿತ, ಮಾತು ತೊದಲುವುದು. ಇನ್ನೂ ಇಳಿದರೆ ಎಚ್ಚರವೇ ತಪ್ಪಬಹುದು.

ಈಗ ಏಳೂವರೆಯ ನಾಟಕದಿಂದ ಹಿಂದಕ್ಕೆ ಲೆಕ್ಕ ಹಾಕಿ. 7.20ಕ್ಕೆ ಕುರ್ಚಿಯಲ್ಲಿರಬೇಕು. ಹೋಟೆಲಿನಿಂದ ನಡೆದು ಬರಲು ಹತ್ತು ನಿಮಿಷ. ತಿನ್ನಲು ಇಪ್ಪತ್ತು. ಅಂದರೆ 6.50ಕ್ಕೆ ತಟ್ಟೆ ಮುಂದಿರಬೇಕು, 6.20ಕ್ಕೆ ಸೂಜಿ ಚುಚ್ಚಬೇಕು. ಅರ್ಧ ಗಂಟೆಯ ನಂತರ ತಟ್ಟೆ ಬಂದೇ ಬರುತ್ತದೆ ಎಂಬ ಭರವಸೆ 6.20ಕ್ಕೇ ಸಿಗಬೇಕು. ಪ್ರಪಂಚದಲ್ಲಿ ಇಂಥ ಭರವಸೆ ಕೊಡುವವರು ಎಷ್ಟು ಜನ?

ಕೆಲವು ವರ್ಷಗಳ ಹಿಂದೆ ಒಂದು ಹೋಟೆಲಿನವರು ಕೊಟ್ಟರು. ಕುರ್ಚಿ ಮೇಜು ಚೆನ್ನಾಗಿದ್ದ, ರಂಗಮಂದಿರಕ್ಕೆ ಹತ್ತಿರವಾಗಿದ್ದ ಹೋಟೆಲು. ಗಲ್ಲಾದಲ್ಲಿದ್ದವರನ್ನು ಕೇಳಿದೆ, ಕಾರಣವನ್ನೂ ಹೇಳಿದೆ. “ಆರೂ ಮುಕ್ಕಾಲಿಗೆ ಚಪಾತಿ ಊಟ ರೆಡಿ ಸಾರ್, ಧಾರಾಳವಾಗಿ ಕೂತ್ಕೊಳಿ” ಎಂದರು. ಅವಳು ಒಳಗೆ ಹೋಗಿ ಇಂಜೆಕ್ಷನ್ ತೆಗೆದುಕೊಂಡು ಬಂದಳು. ಆರೂ ಮುಕ್ಕಾಲಾಯಿತು. ಏಳಾಯಿತು. ಕೇಳಿದಾಗೆಲ್ಲ “ಬಂತು ಸಾರ್, ಎರಡೇ ನಿಮಿಷ.” ಆಮೇಲೆ ತಿಳಿಯಿತು, ಚಪಾತಿಯ ಭಟ್ಟರು ಇನ್ನೂ ಬಂದೇ ಇರಲಿಲ್ಲ. ಏಳೂ ಐದರ ಹೊತ್ತಿಗೆ ಅವಳ ಹಣೆಯ ಮೇಲೆ ಬೆವರು ಮೂಡಿತು. “ರೀ, ಕೈ ನಡುಗ್ತಿದೆ” ಎಂದಳು. ಅವಳ ಚೀಲದಲ್ಲಿ ಸದಾ ಗ್ಲೂಕೋಸ್ ಪುಡಿಯ ಡಬ್ಬಿ ಇರುತ್ತದೆ. ಮೂರು ಚಮಚದಷ್ಟನ್ನು ನೀರಿನಲ್ಲಿ ಕಲಸಿ ಕುಡಿಸಿದೆ. ಹದಿನೈದು ಗ್ರಾಮಿನಷ್ಟು ಸಕ್ಕರೆ ಕೊಟ್ಟು ಹದಿನೈದು ನಿಮಿಷ ಕಾದು ನೋಡಬೇಕು ಎನ್ನುವುದು ವೈದ್ಯರು ಕಲಿಸಿದ ನಿಯಮ. ಮೇಜು ಒರೆಸುತ್ತಿದ್ದ ಹುಡುಗ ಇದನ್ನು ನೋಡಿ, ಯಾರನ್ನೂ ಕೇಳದೆ ಒಳಗೆ ಓಡಿ ಒಂದು ತಟ್ಟೆ ಇಡ್ಲಿ ತಂದಿಟ್ಟ. “ಮೊದ್ಲು ಇದನ್ನ ತಿನ್ನಿ ಅಮ್ಮಾ” ಎಂದ. ಗಲ್ಲಾದಲ್ಲಿದ್ದವರಿಗೆ ತಿಳಿಯದ ವಿಜ್ಞಾನ ಆ ಹುಡುಗನಿಗೆ ತಿಳಿದಿತ್ತು.

ಅವಳು ಸುಧಾರಿಸಿಕೊಂಡು ನಾವು ರಂಗಮಂದಿರದ ಬಾಗಿಲಿಗೆ ಬರುವಾಗ ಗಂಟೆ ಏಳೂ ಮೂವತ್ತೈದು. ಬಾಗಿಲು ಮುಚ್ಚಿತ್ತು. ಬಾಗಿಲಲ್ಲಿದ್ದ ಹುಡುಗಿಗೆ ಕಾರಣ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ತೋಳು ಹಿಡಿದಳು. “ಬೇಡ ರೀ. ಒಳಗೂ ನನ್ನಂಥವರು ಇರ್ತಾರೆ. ಅವರೂ ಲೆಕ್ಕ ಹಾಕ್ಕೊಂಡೇ ಬಂದು ಕೂತಿರ್ತಾರೆ. ಅವರ ನಾಟಕ ಯಾಕೆ ಕೆಡಿಸ್ಬೇಕು?” ನಾವು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆವು. ಒಳಗಿನಿಂದ ಒಮ್ಮೆ ನಗು ಕೇಳಿತು. ಅವಳೂ ನಕ್ಕಳು, ಯಾವ ಮಾತಿಗೆಂದು ತಿಳಿಯದಿದ್ದರೂ.

ಅಂದು ರಾತ್ರಿ ಅವಳು “ಇನ್ನು ನಾಟಕ ಸಾಕು, ಮನೇಲೇ ಟೀವಿ ನೋಡೋಣ” ಎಂದಾಗ ನನಗೆ ಗಾಬರಿಯಾಯಿತು. ಕಾಯಿಲೆ ಮನುಷ್ಯರನ್ನು ಒಂದೇ ಏಟಿಗೆ ಮನೆಯೊಳಗೆ ಕೂಡಿಹಾಕುವುದಿಲ್ಲ. ಮೊದಲು ಮದುವೆಯ ಊಟ ಬಿಡಿಸುತ್ತದೆ, ಆಮೇಲೆ ಪ್ರವಾಸ, ಆಮೇಲೆ ನಾಟಕ. ಒಂದೊಂದೂ ಸಣ್ಣದೇ, ಒಂದೊಂದಕ್ಕೂ ಒಳ್ಳೆಯ ಕಾರಣವೇ ಇರುತ್ತದೆ. ಹೀಗೆ ಬಿಡುತ್ತಾ ಹೋದರೆ ಕೊನೆಗೆ ಉಳಿಯುವುದು ಔಷಧದ ಡಬ್ಬಿ ಮಾತ್ರ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದದ್ದು ಜನ ಮನೆಯಲ್ಲಿ ಟೀವಿ ನೋಡುತ್ತ ಕೂರಲಿ ಎಂದಲ್ಲವಷ್ಟೆ!

ದಾರಿ ತೋರಿಸಿದ್ದು ನಮ್ಮ ದರ್ಶಿನಿ. ಬೆಂಗಳೂರಿನಲ್ಲಿ 1980ರ ದಶಕದಲ್ಲಿ ಹುಟ್ಟಿಕೊಂಡ ಈ ನಿಂತು ತಿನ್ನುವ ಹೋಟೆಲನ್ನು ಹಿರಿಯರು ಬಹಳ ಹಳಿದಿದ್ದಾರೆ. ಕೂರಲು ಕುರ್ಚಿಯಿಲ್ಲ, ಉಪಚಾರದ ಮಾತಿಲ್ಲ, ಕುದುರೆಯ ಹಾಗೆ ನಿಂತು ತಿನ್ನಬೇಕು ಎಂದು. ಎಲ್ಲ ನಿಜ. ಆದರೆ ಅಲ್ಲಿ ಮೊದಲು ಹಣ ಕೊಟ್ಟು ಚೀಟಿ ಪಡೆಯುತ್ತೇವೆ. ಅಡುಗೆಮನೆ ಕಣ್ಣೆದುರಿಗೇ ತೆರೆದಿರುತ್ತದೆ. ಇಡ್ಲಿಯ ಹಬೆ, ಕಾವಲಿಯ ಮೇಲಿನ ಚಪಾತಿ, ಪಾತ್ರೆಯಲ್ಲಿರುವ ಸಾಗು ಎಲ್ಲವೂ ಕಾಣುತ್ತದೆ. “ಎರಡು ನಿಮಿಷ ಸಾರ್” ಎಂಬ ಮಾತನ್ನು ನಂಬುವ ಅಗತ್ಯವೇ ಇಲ್ಲ. ನೋಡಿ ತಿಳಿಯುವುದು, ಕೇಳಿ ನಂಬುವುದಲ್ಲ. ವಿಜ್ಞಾನದ ಮೇಷ್ಟರಿಗೆ ಇದಕ್ಕಿಂತ ಹೆಚ್ಚಿನ ಶಿಫಾರಸು ಬೇಕೇ?

ಈಗ ನಮ್ಮ ಪದ್ಧತಿ ಹೀಗಿದೆ. ಹೊಸ ರಂಗಮಂದಿರಕ್ಕೆ ಹೋಗುವ ಮುಂಚೆ ನಾನೊಬ್ಬನೇ ಒಂದು ಸಂಜೆ ಆ ಬೀದಿಗೆ ಹೋಗಿ ಬರುತ್ತೇನೆ. ಹತ್ತು ನಿಮಿಷದ ನಡಿಗೆಯೊಳಗೆ ದರ್ಶಿನಿ ಇದೆಯೇ, ಆರೂವರೆಯ ಮೇಲೆ ಚಪಾತಿ ಸಿಗುತ್ತದೆಯೇ, ಬೆನ್ನಿಗೊಂದು ಗೋಡೆಯೋ ಕೂರಲೊಂದು ಕಟ್ಟೆಯೋ ಇದೆಯೇ ನೋಡುತ್ತೇನೆ. ನಾಟಕದ ದಿನ ಅವಳಿಗೆ ಎರಡು ಚಪಾತಿ, ಸಾಗು, ಒಂದು ಲೋಟ ಮಜ್ಜಿಗೆ. ನನಗೆ ಇಡ್ಲಿ ಸಾಂಬಾರು. ಪೂರಿ, ವಡೆ, ಬೆಣ್ಣೆ ದೋಸೆಗಳಿಗೆ ಅಂದು ರಜೆ. ಜಿಡ್ಡಿನ ಪದಾರ್ಥ ಜಠರದಿಂದ ನಿಧಾನವಾಗಿ ಇಳಿಯುತ್ತದೆ. ಹೊಟ್ಟೆ ಭಾರವಾದವನು ಕತ್ತಲೆಯ ತಂಪು ಸಭಾಂಗಣದಲ್ಲಿ ಎರಡನೆಯ ದೃಶ್ಯದ ಹೊತ್ತಿಗೆ ಗೊರಕೆ ಹೊಡೆದರೆ ಅದು ನಾಟಕಕಾರರ ತಪ್ಪಲ್ಲ. ಅವಳ ಚೀಲದಲ್ಲಿ ಗ್ಲೂಕೋಸ್ ಡಬ್ಬಿ ಹೇಗೂ ಇರುತ್ತದೆ. ಸದ್ದುಮಾಡುವ ಪೊಟ್ಟಣದ ಬಿಸ್ಕತ್ತನ್ನು ಮನೆಯಲ್ಲೇ ಬಟ್ಟೆಯ ಚೀಲಕ್ಕೆ ಸುರಿದುಕೊಂಡು ಬರುತ್ತಾಳೆ. ಬಣ್ಣ ಹಚ್ಚಿದವರಿಗೆ ಮಾತ್ರ ಹೊಳೆಯುವ ಜಾಗ್ರತೆ ಇದು.

ಕೆಲವು ಕಡೆ ಭಾನುವಾರ ಮಧ್ಯಾಹ್ನದ ಪ್ರಯೋಗಗಳೂ ಇರುತ್ತವೆ. ಮನೆಯಲ್ಲೇ ಉಂಡು ಹೋಗಬಹುದು, ಲೆಕ್ಕವೇ ಬೇಡ. ಆದರೆ ಅವಳು ಒಪ್ಪುವುದಿಲ್ಲ. “ನಾಟಕ ಮುಗಿದು ಹೊರಗೆ ಬಂದಾಗ ಬಿಸಿಲಿರಬಾರದು” ಎನ್ನುತ್ತಾಳೆ. ಅದಕ್ಕೆ ನನ್ನ ವಿಜ್ಞಾನದಲ್ಲಿ ಉತ್ತರವಿಲ್ಲ.

ನಾಟಕ ಮಾಡುವವರಲ್ಲಿ, ಮಾಡಿಸುವವರಲ್ಲಿ ಒಂದೆರಡು ಬಿನ್ನಹ. ಟಿಕೆಟ್ಟಿನ ಮೇಲೆ ನಾಟಕ ಎಷ್ಟು ಗಂಟೆಗೆ ಎಂಬುದರ ಜೊತೆಗೆ ಎಷ್ಟು ಹೊತ್ತಿನದು, ನಡುವೆ ವಿರಾಮವಿದೆಯೇ ಇಲ್ಲವೇ ಎಂಬುದನ್ನೂ ಅಚ್ಚುಮಾಡಿಸಿ. ಒಂದೂವರೆ ಗಂಟೆಯ ನಾಟಕಕ್ಕೆ ಸಿದ್ಧವಾಗಿ ಬರುವುದು ಬೇರೆ, ಎರಡೂ ಮುಕ್ಕಾಲು ಗಂಟೆಯದಕ್ಕೆ ಬೇರೆ. ರಂಗಮಂದಿರದ ಕ್ಯಾಂಟೀನಿನಲ್ಲಿ ಆರು ಗಂಟೆಯಿಂದಲೇ ಬೋಂಡಾ ಕಾಫಿಯಾಚೆಗೆ ಹೊಟ್ಟೆಗೆ ಆಧಾರವಾಗುವ ಒಂದು ಪದಾರ್ಥ ಇರಲಿ. ಎರಡು ಚಪಾತಿಯಾದರೂ ಸಾಕು, ಮೊಸರನ್ನವಾದರೂ ಸಾಕು. ಇದು ನಮ್ಮೊಬ್ಬರ ಮನೆಯ ಮಾತಲ್ಲ. ಬಿ.ಪಿ. ಮಾತ್ರೆಯವರು, ಹೊಟ್ಟೆಹುಣ್ಣಿನವರು, ಬಸುರಿಯರು, ಪುಟ್ಟ ಮಕ್ಕಳನ್ನು ಕರೆತರುವವರು, ಎಂಬತ್ತರ ಅಜ್ಜ ಅಜ್ಜಿಯರು ಎಲ್ಲರೂ ಆರು ಗಂಟೆಗೆ ಮನೆಯಲ್ಲಿ ಕೂತು ಇದೇ ಲೆಕ್ಕ ಹಾಕುತ್ತಿರುತ್ತಾರೆ. ಲೆಕ್ಕ ಕೂಡಿಬರದಿದ್ದರೆ ಸುಮ್ಮನೆ ಚಪ್ಪಲಿ ಬಿಚ್ಚಿಟ್ಟು ಒಳಗೆ ಹೋಗುತ್ತಾರೆ. ಸಭಾಂಗಣದಲ್ಲಿ ಖಾಲಿ ಉಳಿದ ಕುರ್ಚಿಗಳಲ್ಲಿ ಇಂಥವರ ಪಾಲು ಎಷ್ಟೆಂದು ಯಾರು ಎಣಿಸಿದ್ದಾರೆ?

ಊಟ ಬಲ್ಲವನಿಗೆ ರೋಗವಿಲ್ಲ ಎಂದು ಗಾದೆ. ರೋಗ ಬಂದ ಮೇಲೂ ಊಟ ಬಲ್ಲವರಾದರೆ ನಾಟಕ ತಪ್ಪುವುದಿಲ್ಲ ಎಂದು ಅದಕ್ಕೆ ನಮ್ಮ ಮನೆಯ ಸೇರ್ಪಡೆ. ಬರುವ ಶನಿವಾರಕ್ಕೆ ಎರಡು ಟಿಕೆಟ್ ತೆಗೆದಿರಿಸಿದ್ದೇನೆ. ಬೀದಿಯ ತಿರುವಿನಲ್ಲಿರುವ ದರ್ಶಿನಿಯನ್ನು ನೋಡಿಕೊಂಡು ಬಂದಿದ್ದೇನೆ. ಚಪಾತಿ ಆರೂ ಕಾಲಿಗೇ ಕಾವಲಿಯ ಮೇಲಿತ್ತು.