ದೀಪ ಹತ್ತಿದ ಮಾತ್ರಕ್ಕೆ ಪಂಪು ಹೋಗಿಲ್ಲ

ನಮ್ಮ ಕಡೆ ಡೀಸೆಲ್ ಕಾರು ಎಂದರೆ ಬರೀ ಕಾರಲ್ಲ. ಹೊಸದುರ್ಗ, ಹೊಳಲ್ಕೆರೆ ಸುತ್ತಿನ ಹಳ್ಳಿಗಳಲ್ಲಿ ರಾತ್ರಿ ಹೆರಿಗೆ ನೋವು ಬಂದರೆ ಅದೇ ಆಂಬುಲೆನ್ಸು. ಮದುವೆಗೆ ಅದೇ ದಿಬ್ಬಣದ ಗಾಡಿ. ಸಂತೆ ದಿನ ತೆಂಗಿನಕಾಯಿ ಮೂಟೆಗೂ ಅದೇ. ಹೆಚ್ಚಿನವು ಎರಡು ಕೈ, ಮೂರು ಕೈ ದಾಟಿ ಬಂದವು. ಅಂಥ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಹತ್ತಿ ಆರದೆ ನಿಂತರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಯಾಕೆಂದರೆ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು ಒಂದೇ: “ಪಂಪು ಹೋಗಿದೆ.” ಪಂಪು ಎಂದರೆ ಹತ್ತಾರು ಸಾವಿರ.

ಪಕ್ಕದ ಊರಿನ ಡ್ರೈವರ್ ಅಣ್ಣ ಒಬ್ಬರಿಗೆ ಹೀಗೇ ಆಯಿತು. ಹಳದಿ ಬೋರ್ಡಿನ ಗಾಡಿ, ಅದರ ಮೇಲೆ ಸಾಲ. ಏರಿನಲ್ಲಿ ಇದ್ದಕ್ಕಿದ್ದಂತೆ ಪಿಕಪ್ ಬೀಳುತ್ತಿತ್ತು, ಇಂಜಿನ್ ದೀಪ ಹತ್ತುತ್ತಿತ್ತು. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿಯಾಗುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಪಂಪು ಬದಲಿಸಿದರು. ಹೆಂಡತಿಯ ಓಲೆ, ಸರ ಅಡ ಇಟ್ಟು 42 ಸಾವಿರ ಕಟ್ಟಿ ಬಂದರು. ಮೂರನೇ ದಿನ ಅದೇ ಏರು, ಅದೇ ದೀಪ.

ಕೊನೆಗೆ ಪಂಪು, ನೋಜಲ್ ಕೆಲಸವನ್ನೇ ಮಾಡುವ ಹಳೇ ಮೇಸ್ತ್ರಿಯೊಬ್ಬರು ಗಾಡಿಗೆ ಸ್ಕ್ಯಾನರ್ ಹಾಕಿ ನೋಡಿದರು. ಸಿಕ್ಕ ಕೋಡ್ ಪಿ 0193. ಡೀಸೆಲ್ ಒತ್ತಡ ಅಳೆಯುವ ಸೆನ್ಸರಿನಿಂದ ಬರುವ ವಿದ್ಯುತ್ ಸಂಕೇತ ಮಿತಿ ಮೀರಿದೆ ಎಂದು ಅದರ ಅರ್ಥ. ಮೇಸ್ತ್ರಿ ಪಂಪಿನ ಕಡೆ ತಿರುಗಿಯೂ ನೋಡಲಿಲ್ಲ, ಆ ಸೆನ್ಸರಿನ ವೈರನ್ನು ಹಿಡಿದು ಹೋದರು. ಇಂಜಿನ್ ಹಿಂಭಾಗದಲ್ಲಿ ಇಲಿ ಕಡಿದಿತ್ತು. ಒಂದು ಎಳೆ ಮಾತ್ರ ಉಳಿದಿತ್ತು. ಏರಿನಲ್ಲಿ ಇಂಜಿನ್ ಅಲುಗಿದಾಗ ಅದು ಬಿಡುತ್ತಿತ್ತು, ಆಮೇಲೆ ತಾನೇ ಕೂಡಿಕೊಳ್ಳುತ್ತಿತ್ತು. ಒಂದು ಗೇಣು ವೈರಿನ ಕೆಲಸ.

ಡಿಪ್ಲೊಮಾ ತರಗತಿಯಲ್ಲಿ ನಮಗೆ ಮೊದಲು ಹೇಳಿಕೊಟ್ಟ ಪಾಠ, ಯಾರೋ ಫೋನ್ ಮಾಡಿ ಹೇಳಿದ್ದು ಸುದ್ದಿಯಲ್ಲ, ಸುಳಿವು. ಸ್ಥಳಕ್ಕೆ ಹೋಗಬೇಕು, ಇನ್ನಿಬ್ಬರನ್ನು ಕೇಳಬೇಕು, ಆಮೇಲೆ ಬರೆಯಬೇಕು. ಕಾರಿನ ದೀಪವೂ ಅಷ್ಟೇ. ಅದು ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ತಾಲ್ಲೂಕು ಸುದ್ದಿಗೆ ಓಡಾಡುವ ನಾವು ಮೂವರು ಸೇರಿ ಒಂದು ಹಳೇ ಡೀಸೆಲ್ ಕಾರು ಇಟ್ಟುಕೊಂಡಿದ್ದೇವೆ. ಆ ಮೇಸ್ತ್ರಿಯ ಹತ್ತಿರ ಕೂತು, ನಮ್ಮ ಗಾಡಿಯ ಕಾಯಿಲೆಗಳನ್ನೂ ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇವೆ.

ಮೊದಲು ಬಣ್ಣ ನೋಡಿ. ಕೆಂಪು ಎಂದರೆ ನಿಲ್ಲಿಸು. ಆಯಿಲ್ ಡಬ್ಬಿಯ ಚಿತ್ರ ಕೆಂಪಾಗಿ ಹತ್ತಿದರೆ ಅಲ್ಲೇ ಬದಿಗೆ ಹಾಕಿ ಇಂಜಿನ್ ಆಫ್ ಮಾಡಬೇಕು. ಊರು ಇನ್ನೊಂದೇ ಮೈಲಿ ಅಂತ ಓಡಿಸಿದರೆ ಇಂಜಿನ್ನೇ ಹಿಡಿದುಕೊಳ್ಳಬಹುದು. ಬಿಸಿಯ ದೀಪವೂ ಹಾಗೇ, ತಣ್ಣಗಾಗುವ ತನಕ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಹಳದಿ ಎಂದರೆ ಹುಷಾರು, ಬೇಗ ತೋರಿಸು. ಕೀ ತಿರುಗಿಸಿದ ಕೂಡಲೇ ಎಲ್ಲ ದೀಪ ಒಟ್ಟಿಗೆ ಹತ್ತುವುದು ಕಾಯಿಲೆಯಲ್ಲ, ಬಲ್ಬ್ ಸರಿ ಇವೆಯೇ ಎಂದು ಗಾಡಿ ತಾನೇ ನೋಡಿಕೊಳ್ಳುವ ಕ್ರಮ. ಇನ್ನೊಂದು ಮಾತು. ಬ್ಯಾಟರಿ ಸೋತಿದ್ದರೆ ಸಂಬಂಧವಿಲ್ಲದ ನಾಲ್ಕಾರು ದೀಪ ಒಟ್ಟಿಗೆ ಹತ್ತಬಹುದು. ಹಾಗಾದಾಗ ಮೊದಲು ಬ್ಯಾಟರಿ ಟರ್ಮಿನಲ್ ಸಡಿಲವಾಗಿದೆಯೇ, ಬಿಳಿ ಪುಡಿ ಕಟ್ಟಿದೆಯೇ ನೋಡಿ.

ಸುರುಳಿ ಸ್ಪ್ರಿಂಗಿನಂಥ ಹಳದಿ ಚಿತ್ರ ಹೀಟರ್ ಪ್ಲಗ್ಗಿನದು. ಚಳಿಯಲ್ಲಿ ಇಂಜಿನ್ ಒಳಗೆ ಬಿಸಿ ಮಾಡಿ ಸ್ಟಾರ್ಟ್‌ಗೆ ಅನುಕೂಲ ಮಾಡಿಕೊಡುವ ಕಡ್ಡಿ ಅದು. ದೀಪ ಆರಿದ ಮೇಲೆ ಸೆಲ್ಫ್ ಹೊಡೆಯಬೇಕು. ಬೇಸಿಗೆಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಆರುತ್ತದೆ. ಇದೇ ದೀಪ ಓಡುವಾಗ ಮಿಣುಕತೊಡಗಿದರೆ, ಕೆಲವು ಕಾರುಗಳಲ್ಲಿ ಅದು ಹೀಟರ್ ಸುದ್ದಿಯಲ್ಲ, ಇಂಜಿನ್ನಿನ ಕಂಪ್ಯೂಟರ್ ಯಾವುದೋ ದೋಷ ಬರೆದುಕೊಂಡಿದೆ ಎಂಬ ಸೂಚನೆ.

ಈಗ ಡೀಸೆಲ್ ನಡೆಯುವ ದಾರಿ ನೋಡೋಣ. ಟ್ಯಾಂಕಿನಿಂದ ಫಿಲ್ಟರ್, ಫಿಲ್ಟರಿನಿಂದ ಪಂಪು, ಪಂಪಿನಿಂದ ದಪ್ಪ ಗೋಡೆಯ ಒಂದು ಕೊಳವೆ. ಅದಕ್ಕೆ ರೈಲ್ ಅನ್ನುತ್ತಾರೆ. ರೈಲಿನಿಂದ ನೋಜಲ್‌ಗಳಿಗೆ. ಉಳಿದದ್ದು ರಿಟರ್ನ್ ಪೈಪಿನಲ್ಲಿ ವಾಪಸ್. ತೋಟಕ್ಕೆ ಬೋರಿನ ನೀರು ಹಾಯಿಸುವವರಿಗೆ ಇದು ಹೊಸತಲ್ಲ. ಕೊನೆಯ ಸಾಲಿಗೆ ನೀರು ಬರಲಿಲ್ಲ ಎಂದರೆ ಮೋಟರ್ ಎತ್ತಿಸುವ ಮೊದಲು ಪೈಪು, ವಾಲ್ವು, ಫಿಲ್ಟರ್ ನೋಡುತ್ತೇವಲ್ಲ? ಇಲ್ಲೂ ಅದೇ ಕ್ರಮ. ಕಡಿಮೆ ಖರ್ಚಿನದು ಮೊದಲು.

ಮೊದಲ ಅನುಮಾನ ನೀರು. ಹಲವು ಕಾರುಗಳಲ್ಲಿ ಫಿಲ್ಟರ್ ತಳದಲ್ಲಿ ನೀರು ನಿಂತರೆ ಅದಕ್ಕೇ ಬೇರೆ ದೀಪವಿದೆ. ನಮ್ಮ ಕಡೆ ಇದು ಹತ್ತುವುದಕ್ಕೆ ಕಾರಣ ದೂರವಿಲ್ಲ. ಟ್ರ್ಯಾಕ್ಟರಿಗೆಂದು ಕ್ಯಾನಿನಲ್ಲಿ ತಂದು ಡ್ರಮ್ಮಿನಲ್ಲಿಟ್ಟ ಡೀಸೆಲ್ಲನ್ನೇ ಅವಸರಕ್ಕೆ ಕಾರಿಗೂ ಸುರಿಯುತ್ತೇವೆ. ಅರ್ಧ ಖಾಲಿ ಡ್ರಮ್ಮಿನ ಒಳಗೋಡೆಯ ಮೇಲೆ ರಾತ್ರಿ ತಂಪಿಗೆ ಹನಿ ಕಟ್ಟುತ್ತದೆ, ಅದು ಇಳಿದು ತಳ ಸೇರುತ್ತದೆ. ಡೀಸೆಲ್ ನೀರಿಗಿಂತ ಹಗುರ, ಆದ್ದರಿಂದ ನೀರು ಯಾವಾಗಲೂ ಕೆಳಗೆ. ಫಿಲ್ಟರ್ ಅಡಿಯ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಸ್ವಲ್ಪ ಹಿಡಿದು ಹತ್ತು ಹದಿನೈದು ನಿಮಿಷ ಇಟ್ಟರೆ ಎರಡೂ ಬೇರೆಯಾಗಿ ಕಾಣುತ್ತವೆ. ಪೂರ್ತಿ ಡೀಸೆಲ್ ಬರುವ ತನಕ ನೀರು ಬಿಡಬೇಕು. ಹೊಸ ಪಂಪು, ನೋಜಲ್‌ಗಳೊಳಗೆ ಡೀಸೆಲ್ಲೇ ಎಣ್ಣೆಯ ಕೆಲಸವನ್ನೂ ಮಾಡುತ್ತದೆ. ಅಲ್ಲಿಗೆ ನೀರು ಹೋದರೆ ತುಕ್ಕು, ಸವೆತ ಎರಡೂ. ಈ ದೀಪ ಹತ್ತಿದ ಮೇಲೂ ವಾರಗಟ್ಟಲೆ ಓಡಿಸಿದರೆ ಮಾತ್ರ ಪಂಪು ನಿಜವಾಗಿಯೂ ಹೋಗುತ್ತದೆ.

ಎರಡನೇ ಅನುಮಾನ ಕಟ್ಟಿಕೊಂಡ ಫಿಲ್ಟರ್. ಸಮ ರಸ್ತೆಯಲ್ಲಿ ಚೆನ್ನಾಗಿ ಓಡಿ, ಏರಿನಲ್ಲಿ ಅಥವಾ ಜನ ತುಂಬಿದಾಗ ಸೋಲುವುದು ಇದರ ಲಕ್ಷಣ. ಹೆಚ್ಚು ಡೀಸೆಲ್ ಬೇಕಾದಾಗ ಸಾಲುವುದಿಲ್ಲ, ಒತ್ತಡ ಇಳಿಯುತ್ತದೆ, ಕಂಪ್ಯೂಟರ್ ಇಂಜಿನ್ ಶಕ್ತಿ ತಗ್ಗಿಸಿ ದೀಪ ಹಚ್ಚುತ್ತದೆ.

ಮೂರನೆಯದು ಗಾಳಿ. ನಮ್ಮ ಕಾರಿಗೆ ಬಂದದ್ದು ಇದೇ. ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಇಲ್ಲ. ಒಮ್ಮೆ ಆದರೆ ದಿನವಿಡೀ ತೊಂದರೆಯಿಲ್ಲ. ಕೆಳಗೆ ಬಗ್ಗಿ ನೋಡಿದರೆ ಒಂದು ಹನಿ ಸೋರಿಕೆಯೂ ಇಲ್ಲ. ಮೇಸ್ತ್ರಿ ನಕ್ಕರು. “ಸಾರ್, ಈ ಗಾಡೀಲಿ ಪಂಪು ಟ್ಯಾಂಕಿಂದ ಎಳ್ಕೊಳ್ಳುತ್ತೆ. ಎಳ್ಕೊಳ್ಳೋ ಪೈಪಲ್ಲಿ ಬಿರುಕಿದ್ರೆ ಡೀಸೆಲ್ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗುತ್ತೆ. ರಾತ್ರಿ ಡೀಸೆಲ್ ವಾಪಸ್ ಟ್ಯಾಂಕಿಗೆ ಇಳಿದುಬಿಡುತ್ತೆ.” ಫಿಲ್ಟರ್ ಮತ್ತು ಪಂಪಿನ ನಡುವೆ ಒಂದು ತುಂಡು ಪಾರದರ್ಶಕ ಪೈಪು ಹಾಕಿದರು. ಸೋಡಾ ಬಾಟಲಿಯಂತೆ ಗುಳ್ಳೆ ಓಡುತ್ತಿತ್ತು. ಬಿಸಿಗೆ ಬಿರುಸಾದ ರಬ್ಬರ್ ಪೈಪು, ಎರಡು ಕ್ಲಿಪ್ಪು ಬದಲಾದವು. ಖರ್ಚು ನಾಲ್ಕಂಕಿಯನ್ನೂ ಮುಟ್ಟಲಿಲ್ಲ.

ಇಲ್ಲಿ ಒಂದು ಜೀವದ ಮಾತು ಹೇಳಲೇಬೇಕು. ಹಳೇ ಟ್ರ್ಯಾಕ್ಟರಿನಲ್ಲಿ ಏರ್ ಹಿಡಿದರೆ ನೋಜಲ್ ಪೈಪಿನ ನಟ್ಟು ಸಡಿಲಿಸಿ ಸೆಲ್ಫ್ ಹೊಡೆಸಿ ಏರ್ ತೆಗೆಯುವುದನ್ನು ಹಳ್ಳಿಯಲ್ಲಿ ಹುಡುಗರೂ ಬಲ್ಲರು. ಆ ವಿದ್ಯೆಯನ್ನು ಕಾಮನ್ ರೈಲ್ ಕಾರಿಗೆ ತರಬೇಡಿ. ಕಾರಿನ ಟೈರಿನ ಗಾಳಿ ಸುಮಾರು 2 ಬಾರ್ ಒತ್ತಡದಲ್ಲಿರುತ್ತದೆ. ಈ ರೈಲಿನ ಒಳಗಿನ ಡೀಸೆಲ್ 1600 ಬಾರ್ ಮತ್ತು ಅದಕ್ಕೂ ಮೇಲೆ ಹೋಗಬಲ್ಲದು. ಇಂಜಿನ್ ತಿರುಗುವಾಗ ನಟ್ಟು ಸಡಿಲಿಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ನೋವೂ ಮೊದಲು ಕಡಿಮೆ, ಆದರೆ ಒಳಗೆ ಮಾಂಸ ಕೊಳೆತು ಬೆರಳು, ಕೈ ಕಳೆದುಕೊಳ್ಳುವ ಸ್ಥಿತಿ ಬರುತ್ತದೆ. ಯಾರಿಗಾದರೂ ಹೀಗಾದರೆ ಅರಿಶಿನ ಹಚ್ಚಿ ಕೂರಬೇಡಿ, ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಿ ಡೀಸೆಲ್ ಒಳಹೊಕ್ಕಿದೆ ಎಂದು ಬಾಯಿಬಿಟ್ಟು ಹೇಳಿ. ಸೋರಿಕೆ ಹುಡುಕಲು ಕೈ ಆಡಿಸುವುದೂ ಬೇಡ, ರಟ್ಟಿನ ತುಂಡು ಹಿಡಿಯಿರಿ.

ಇನ್ನು ಸ್ಕ್ಯಾನಿಂಗ್. ಸ್ಟೇರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಗ್ಯಾರೇಜಿನ ಸ್ಕ್ಯಾನರ್ ಅಲ್ಲದೆ, ಮೊಬೈಲಿಗೆ ಬ್ಲೂಟೂತ್ ಮೂಲಕ ಕೂಡುವ ಸಣ್ಣ ಉಪಕರಣವೂ ಎಷ್ಟೋ ಕಾರುಗಳಲ್ಲಿ ಕೋಡ್ ಓದುತ್ತದೆ. ಪಿ 0087 ಎಂದರೆ ರೈಲಿನಲ್ಲಿ ಒತ್ತಡ ಕಡಿಮೆ. ಪಂಪು ಹೋಗಿದೆ ಎಂದಲ್ಲ. ಫಿಲ್ಟರ್ ಕಟ್ಟಿದರೂ, ಗಾಳಿ ಹಿಡಿದರೂ, ಒಂದು ನೋಜಲ್ ಹೆಚ್ಚು ವಾಪಸ್ ಬಿಟ್ಟರೂ ಅದೇ ಕೋಡ್. ಪಿ 0190ರಿಂದ 0193ರವರೆಗಿನದು ಸೆನ್ಸರ್ ಮತ್ತು ವೈರಿನ ದಾರಿ ತೋರಿಸುತ್ತದೆ. ಕೋಡ್ ಬರೆದುಕೊಳ್ಳದೆ ಅಳಿಸಲು ಬಿಡಬೇಡಿ. ದೋಷ ಬಂದ ಗಳಿಗೆಯಲ್ಲಿ ಗಾಡಿಯ ವೇಗ, ಇಂಜಿನ್ ಬಿಸಿ ಎಷ್ಟಿತ್ತೆಂಬ ದಾಖಲೆಯೂ ಅದರ ಜೊತೆಗೇ ಅಳಿಯುತ್ತದೆ. ದೀಪ ಆರುತ್ತದೆ, ಕಾಯಿಲೆ ಉಳಿಯುತ್ತದೆ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 ಡೀಸೆಲ್ ಕಾರುಗಳಿಗೆ ಇನ್ನೊಂದು ದೀಪ ಸೇರಿದೆ, ಹೊಗೆಯ ಮಸಿ ಹಿಡಿಯುವ ಫಿಲ್ಟರಿನದು. ಆ ಮಸಿ ಸುಟ್ಟುಹೋಗಲು ಸೈಲೆನ್ಸರ್ ಸಾಲು ಚೆನ್ನಾಗಿ ಕಾಯಬೇಕು. ಮನೆಯಿಂದ ಡೇರಿ, ಡೇರಿಯಿಂದ ತೋಟ ಅಂತ ಎರಡು ಮೈಲಿ ಓಡಿಸಿದರೆ ಅದು ಕಾಯುವುದೇ ಇಲ್ಲ. ದೀಪ ಹತ್ತಿದಾಗ, ಗಾಡಿಯ ಪುಸ್ತಕದಲ್ಲಿ ಹೇಳಿದಂತೆ ಹೆದ್ದಾರಿಯಲ್ಲಿ ನಿಲ್ಲಿಸದೆ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಿದರೆ ಸಾಮಾನ್ಯವಾಗಿ ಆರುತ್ತದೆ. ಆರದಿದ್ದರೆ ತೋರಿಸಬೇಕು.

ಹಾಗಾದರೆ ಪಂಪು ಹೋಗುವುದೇ ಇಲ್ಲವೇ? ಹೋಗುತ್ತದೆ. ಫಿಲ್ಟರ್ ಬಿಚ್ಚಿದಾಗ ಡೀಸೆಲ್ಲಿನಲ್ಲಿ ಬೆಳ್ಳಿ ಪುಡಿಯಂತೆ ಲೋಹ ಮಿನುಗಿದರೆ ಒಳಗೆ ಯಾವುದೋ ಸವೆಯುತ್ತಿದೆ, ಮೊದಲ ಅನುಮಾನ ಪಂಪೇ. ಆಗ ಓಡಿಸಬಾರದು, ಆ ಪುಡಿ ನೋಜಲ್‌ಗಳನ್ನೂ ಕೆಡಿಸುತ್ತದೆ. ನೋಜಲ್ ಅನುಮಾನವಿದ್ದರೆ ಪ್ರತಿ ನೋಜಲಿನ ರಿಟರ್ನ್ ಪೈಪಿಗೆ ಒಂದೊಂದು ಬಾಟಲಿ ಕಟ್ಟಿ ಇಂಜಿನ್ ಓಡಿಸಿ ನೋಡುತ್ತಾರೆ. ಯಾವ ಬಾಟಲಿ ಬೇಗ ತುಂಬುತ್ತದೋ ಆ ನೋಜಲ್ ಸವೆದಿದೆ. ಇದು ಮೇಸ್ತ್ರಿಯ ಕೆಲಸ, ಆದರೆ ಪಕ್ಕದಲ್ಲಿ ನಿಂತು ನೋಡಲು ಯಾರ ಅಡ್ಡಿಯೂ ಇಲ್ಲ.

ಗ್ಯಾರೇಜಿನವರೆಲ್ಲ ಮೋಸಗಾರರು ಎಂದು ನಾವು ಹೇಳುತ್ತಿಲ್ಲ. ಅವರಿಗೂ ಅವಸರ, ಹೊರಗೆ ಐದು ಗಾಡಿ ಸಾಲಿನಲ್ಲಿರುತ್ತವೆ. ನಾವು “ದೀಪ ಹತ್ತಿದೆ, ನೋಡಿ” ಎಂದಷ್ಟೇ ಹೇಳಿ ಟೀ ಅಂಗಡಿಗೆ ಹೋದರೆ ಅವರು ಊಹಿಸಬೇಕಾಗುತ್ತದೆ. ಬದಲಿಗೆ ಯಾವ ದೀಪ, ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಏರಿನಲ್ಲೋ ಸಮದಲ್ಲೋ, ಹೊಗೆ ಕಪ್ಪೋ ಬಿಳಿಯೋ, ಹಿಂದಿನ ಸಲ ಡೀಸೆಲ್ ಎಲ್ಲಿ ಹಾಕಿಸಿದ್ದು ಎಂದು ಬರೆದುಕೊಂಡು ಹೋಗಿ. ದೀಪದ ಫೋಟೋ ಮೊಬೈಲಿನಲ್ಲಿರಲಿ.

ದೊಡ್ಡ ಸಾಮಾನು ಬದಲಿಸಬೇಕು ಎಂದಾಗ ಮೂರು ಪ್ರಶ್ನೆ ಕೇಳಿ. ಕೋಡ್ ಯಾವುದು ಬಂತು? ಫಿಲ್ಟರ್, ನೀರು, ಗಾಳಿ, ವೈರು ನೋಡಿದ್ದೀರಾ? ಪಂಪೇ ಹೋಗಿದೆ ಎಂದು ಯಾವ ಪರೀಕ್ಷೆಯಲ್ಲಿ ಗೊತ್ತಾಯಿತು? ಉತ್ತರ ಇದ್ದರೆ ಧೈರ್ಯವಾಗಿ ಮಾಡಿಸಿ, ಹಳೇ ಸಾಮಾನು ಕೈಗೆ ಇಸಿದುಕೊಳ್ಳಿ. ಉತ್ತರ ಇಲ್ಲದಿದ್ದರೆ ಓಲೆ ಮನೆಯಲ್ಲೇ ಇರಲಿ, ಗಾಡಿಯನ್ನು ಇನ್ನೊಬ್ಬ ಮೇಸ್ತ್ರಿಗೆ ತೋರಿಸಿ.