ಹನಗೋಡು ಎಲ್ಲಿ ಹೋಯ್ತು?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ... ಈ ನಾಲ್ಕೂ ಕಡೆಯ ಹೋಬಳಿವಾರು ಮಳೆ ಲೆಕ್ಕವನ್ನು ಗೆಳೆಯನೊಬ್ಬ ಸಿಎಸ್‌ವಿ ಕಡತಗಳಲ್ಲಿ ಬರೆದಿಡ್ತಾನೆ. ಹೊಗೆಸೊಪ್ಪಿನ ಸಸಿ ನೆಡೋಕೆ ಮುಂಗಾರಿಗೆ ಮುಂಚಿನ ಮಳೆಯನ್ನೇ ಕಾಯೋ ಸೀಮೆ ಇದು. ಅವನು ವಾರವಾರ ಸಾಲು ಸೇರಿಸಿದಾಗಲೆಲ್ಲ ನಾನು ನಕಲು ಮಾಡ್ಕೋತಾ ಕೂರಬೇಕಾ? ಸೋಮಾರಿ ಸ್ವಾಮೀ ನಾನು :-)

ಅದಕ್ಕೇ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಫೈಲ್ ಎಫ್‌ಡಿಡಬ್ಲ್ಯೂ ಅನ್ನೋ ಪ್ಲಗಿನ್ ಹಾಕಿದೆ. 2011ರ 9.1 ಆವೃತ್ತಿಯಿಂದ ಜೊತೆಗೇ ಬರುತ್ತೆ. 'ಕ್ರಿಯೇಟ್ ಎಕ್ಸ್‌ಟೆನ್ಶನ್' ಅಂತ ಒಂದು ಸಾಲು, ಆಮೇಲೆ ಸರ್ವರ್, ಆಮೇಲೆ ಫಾರಿನ್ ಟೇಬಲ್. ಕಡತ ಸರ್ವರ್ ಯಂತ್ರದಲ್ಲೇ ಇರಬೇಕು, ಅದನ್ನು ಓದೋ ಅನುಮತಿ ಡೇಟಾಬೇಸಿಗೆ ಇರಬೇಕು. ಕೇಳಿದಾಗಲೆಲ್ಲ ಹೊಸದಾಗಿ ಓದುತ್ತೆ, ಬರೆಯಲ್ಲ.

ನನ್ನ ಹೋಬಳಿ ಪಟ್ಟಿಗೆ ಜೋಡಿಸಿದೆ. ಬಿಳಿಕೆರೆ ಬಂತು, ಗಾವಡಗೆರೆ ಬಂತು, ಹನಗೋಡು ಇಲ್ಲ! ಲಕ್ಷ್ಮಣತೀರ್ಥಕ್ಕೆ ಅಣೆಕಟ್ಟೆ ಇರೋ ಊರೇ ಮಾಯ. ಕೆ.ಆರ್.ನಗರದ ಹೊಸ ಅಗ್ರಹಾರವೂ ಇಲ್ಲ. ದೋಷ ಇದೆ ಅಂತ ಒಂದು ಸಂದೇಶವೂ ಇಲ್ಲ. ಸರಾಸರಿ ಮಾತ್ರ ತಣ್ಣಗೆ ತಪ್ಪಾಗಿ ಬರುತ್ತೆ. ತೆರೆಯ ಮೇಲೆ ನೋಡಿದ್ರೆ ಎರಡೂ ಕಡೆ ಅದೇ ಹನಗೋಡು.

ಬೈಟು ಬಿಡಿಸಿ ನೋಡಿದೆ. ನನ್ನ ಪಟ್ಟಿಯಲ್ಲಿ 'ಗೋ'ದ ಓತ್ವ ಒಂದೇ ಸಂಕೇತ. ಕಡತದಲ್ಲಿ ಎತ್ವ, ಊತ್ವ, ದೀರ್ಘ ಅಂತ ಮೂರು ತುಂಡು. ಯೂನಿಕೋಡ್ ಪ್ರಕಾರ ಎರಡೂ ಸಮ, ಆದ್ರೆ ಡೇಟಾಬೇಸ್ ಹೋಲಿಸೋದು ಬೈಟುಗಳನ್ನ. 2020ರ 13ನೇ ಆವೃತ್ತಿಯಲ್ಲಿ ಬಂದ 'ನಾರ್ಮಲೈಸ್' ಅನ್ನು ಎರಡೂ ಕಡೆ ಹಾಕಿದೆ, ಊರುಗಳು ವಾಪಸ್ ಬಂದವು. ಈಗ ಲೆಫ್ಟ್ ಜಾಯಿನ್ ಇಲ್ಲದೆ ನಾನು ಏನನ್ನೂ ಜೋಡಿಸಲ್ಲ.

ಸರಗೂರು, ಸಾಲಿಗ್ರಾಮ ಬೇರೆ ತಾಲ್ಲೂಕಾಗಿವೆ, ಕಡತದಲ್ಲಿನ್ನೂ ಹೋಬಳಿಗಳೇ. ಅದು ಇನ್ನೊಂದು ಭಾನುವಾರದ ಕೆಲಸ.